ವೀರಗಲ್ಲಿನ ಕೆಳಗಿನ ಸಾಲು

ನಾವೀಗ ಇರುವ ಪರದೇಶದ ಊರು ಆಡಮ್ಸ್‌ಟೌನಿನಲ್ಲಿ, ಮನೆ ಹಿಂದೆ ರದ್ದಿ ಕಾಗದ ಹಾಕುವ ಗ್ರೀನ್ ಬಿನ್ನಿನ ಮುಚ್ಚಳ ಗಾಳಿಗೆ ತೆರೆದುಕೊಂಡು, ಒಳಗಿದ್ದ ಕಾಗದವೆಲ್ಲ ಮಳೆಗೆ ನೆನೆದು ಮುದ್ದೆಯಾಗಿತ್ತು. ಅದನ್ನು ಬಾಚಿ ತೆಗೆಯುವಾಗ ಬಂದ ವಾಸನೆ ನನ್ನನ್ನು ಸೀದಾ ನಮ್ಮೂರ ಪಾದ್ರಿ ಬಂಗಲೆಯ ಹಜಾರಕ್ಕೆ ತಂದು ನಿಲ್ಲಿಸಿತು. ಅಲ್ಲಿ ವರ್ಷವಿಡೀ ಒದ್ದೆ ಕಾಗದ, ಮಸಿ ಮತ್ತು ನಮ್ಮಜ್ಜಿ ಹುರಿಯುವ ಹುರುಳಿಯ ವಾಸನೆ ಬೆರೆತಿರುತ್ತಿತ್ತು. ಅಜ್ಜಿ ಅಲ್ಲಿ ಅಡುಗೆಯವಳು. ಪಾದ್ರಿ ಇಂಗ್ಲೆಂಡಿನವರು, ಚಿಕ್ಕ ವಯಸ್ಸಿಗೇ ನಮ್ಮೂರ ಚರ್ಚಿಗೆ ಬಂದವರು. ಭಾನುವಾರ ಪ್ರಸಂಗ ಮಾಡಿ, ಉಳಿದ ದಿನ ಸೈಕಲ್ ಹತ್ತಿ ಸುತ್ತಮುತ್ತಲ ಹಳ್ಳಿಗಳಲ್ಲಿ ಶಾಸನ ಹುಡುಕುತ್ತಿದ್ದರು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತಿದ್ದವು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನೇ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಓದು ಶುರುವಾಗಿದ್ದು ಆ ಹಜಾರದಲ್ಲಿ, ಒಣಗಲು ಹಾಕಿದ ಆ ಕಾಗದಗಳ ಮುಂದೆ.

ನಮ್ಮ ತಾಲ್ಲೂಕಿನ ವೀರಗಲ್ಲುಗಳ ಮೇಲೆ ಅವರೊಂದು ಪುಸ್ತಕ ಬರೆಯುತ್ತಿದ್ದರು. ಎಲ್ಲ ಮುಗಿದು ಒಂದೇ ಕಲ್ಲು ಬಾಕಿ, ಅದೂ ನಮ್ಮ ಕೇರಿಯದೇ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಅಂತ ಮೇಲಿನ ಸಾಲು ಹೇಳುತ್ತಿತ್ತು. ಹೆಸರಿದ್ದ ಕೆಳಗಿನ ಸಾಲು ತಲೆಮಾರುಗಳ ಎಣ್ಣೆ ಅರಿಶಿನದ ಜಿಡ್ಡಿನಡಿ ಹೂತುಹೋಗಿತ್ತು. ನಮಗೆ ಅದು ದೇವರು. ಸೋಮವಾರ ಸೋಮವಾರ ಎಣ್ಣೆ ಹಚ್ಚುವವಳು ಅಜ್ಜಿ.

“ಸ್ವಲ್ಪ ಕೆರೆದು ನೋಡ್ಲೇನಮ್ಮ?” ಅಂತ ಪಾದ್ರಿ ಪ್ರತಿ ವರ್ಷ ಕೇಳುತ್ತಿದ್ದರು.

“ನಿಮ್ ಶಿಲುಬೆ ನಾನು ಕೆರೀತೀನಾ ಅಯ್ನೋರೇ? ನಾನು ಸತ್ಮೇಲೆ ಕೆರ್ಕಳಿ.”

ಅವರು ನಕ್ಕು ಒಪ್ಪಿಕೊಂಡರು. ಕಾದರು. ಅಜ್ಜಿಗಿಂತ ಮೊದಲು ಅವರೇ ಹೋದರು. ಪುಸ್ತಕ ಅಚ್ಚಾಗಲಿಲ್ಲ, ಬಂಗಲೆ ಕೆಡವಿ ಕಲ್ಯಾಣ ಮಂಟಪ ಕಟ್ಟಿದರು. ಅಷ್ಟು ಓದಿದ ಮನುಷ್ಯ ಒಬ್ಬ ಮುದುಕಿಯ ಮಾತಿಗೆ ಕಟ್ಟುಬಿದ್ದು ಜೀವಮಾನದ ಕೆಲಸ ಅರ್ಧಕ್ಕೆ ಬಿಟ್ಟರಲ್ಲ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಜ್ಜಿಯ ಮೇಲೂ ಬರುತ್ತದೆ, ಅವಳೂ ಈಗಿಲ್ಲ.

ಮೊನ್ನೆ ಊರಿಂದ ಸೋದರಮಾವ ವೀಡಿಯೋ ಕಾಲ್ ಮಾಡಿದರು. ಆ ಕಲ್ಲಿನ ಗುಡಿ ಜೀರ್ಣೋದ್ಧಾರ ಆಗಿತ್ತು. ಟೈಲ್ಸ್ ಹಾಕಿದ ಗೋಡೆ ನಡುವೆ ಕಲ್ಲು ಮಿರಮಿರ ಮಿಂಚುತ್ತಿತ್ತು.

“ಜಿಡ್ಡೆಲ್ಲ ಮೆಷಿನ್ ಕೊಟ್ಟು ಉಜ್ಜಿಸ್ಬಿಟ್ವಿ ಕಣಪ್ಪ. ಕನ್ನಡಿ ಆಗೈತೆ, ಮುಖ ನೋಡ್ಕಬೋದು.”

“ಕೆಳಗಡೆ ಅಕ್ಷರ ಇದ್ವಲ್ಲ ಮಾವ?”

“ಇದ್ವು, ಗೀಟು ಗೀಟು. ಅವೂ ಕ್ಲೀನಾಗಿ ಹೋದ್ವು.”

ಪಕ್ಕದಲ್ಲಿದ್ದ ಮಗಳು ಇಣುಕಿ ನೋಡಿ, “ಲುಕ್ಸ್ ಗ್ರ್ಯಾಂಡ್, ಅಪ್ಪ” ಅಂದಳು.

ಮಾವ ದೀಪ ಹಚ್ಚಿ, ನಾನೂ ಕೈಮುಗಿಯಲಿ ಅಂತ ಫೋನನ್ನು ಕಲ್ಲಿನ ಹತ್ತಿರ ಹಿಡಿದರು. ಕೈಮುಗಿದೆ. ನಮ್ಮ ದನಗಳಿಗಾಗಿ ಸತ್ತವನ ಹೆಸರು ಇನ್ನು ಯಾರಿಗೂ ಸಿಗುವುದಿಲ್ಲ.