ಗೋಡೆಗೆ ಮುಖ ಮಾಡಿ ಹೆಣೆದ ಲೇಸು

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ನನಗೆ ಮನುಷ್ಯರ ಮುಖವೇ ಸಾಕಾಗಿರುತ್ತದೆ. ಶಿಗ್ಗಾಂವದಲ್ಲಿ ಹೆದ್ದಾರಿಗೆ ಹತ್ತಿರದ ಓಣಿಯೊಂದರಲ್ಲಿ ನನ್ನ ಫೋಟೋ ಸ್ಟುಡಿಯೋ ಇದೆ. ನಮ್ಮ ಯಜಮಾನರಿಗೆ ಕೈಜೋಡಿಸಲು ಬಂದು ಕುಳಿತವಳು, ಅವರು ತೀರಿಹೋದ ಮೇಲೆ ಕ್ಯಾಮೆರಾವನ್ನೂ ಹೊತ್ತೆ. ಮದುಮಗಳ ಮೊಡವೆ ಅಳಿಸಿ, ಮದುಮಗನ ಬೊಕ್ಕತಲೆಗೆ ಕೂದಲು ಹಚ್ಚಿ, ಬೀಗರ ಹೊಟ್ಟೆ ಕರಗಿಸಿ ಆಲ್ಬಮ್ ಕೊಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿರುತ್ತದೆ. ಈ ವರ್ಷವಂತೂ ಸ್ಟುಡಿಯೋಗೆ ಬೀಗ ಹಾಕಿ ನಾಲ್ಕು ದಿನ ಸುಮ್ಮನೆ ಮಲಗೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಹಿರೇಕೆರೂರಿನಿಂದ ಅಕ್ಕನ ಫೋನು ಬಂತು.

"ತಂಗಿ, ಅವ್ವನ ಮುಚ್ಚಣಿಕಿದು ಒಂದು ಫೋಟೋ ತಗೀಬೇಕಲ್ಲ. ಒಂದೊಂದು ಎಳಿ ಕಾಣಬೇಕು. ಹಂಗ ದೊಡ್ಡದು ಮಾಡಿ ಕೊಡು."

ಅವ್ವನ ಮುಚ್ಚಣಿಕೆ ಎಂದರೆ ಆರತಿ ತಾಟಿನ ಮೇಲೆ ಹೊದಿಸುವ ದುಂಡನೆಯ ಲೇಸು. ತೆಳ್ಳನೆಯ ಬಿಳಿ ದಾರದಲ್ಲಿ ಕ್ರೋಶಾ ಸೂಜಿಯಿಂದ ಹೆಣೆದದ್ದು. ಅಕ್ಕನ ಮಗಳ ಮದುವೆಗೆಂದು ಅವ್ವ ಅದನ್ನು ಶುರು ಮಾಡಿದಾಗ ಆ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅವ್ವ ಹಾಸಿಗೆ ಹಿಡಿದಾಗ ಹೊರಗಿನ ಸುತ್ತುಗಳು ಉಳಿದಿದ್ದವು. ಆಮೇಲೆ ಅವ್ವನೇ ಹೋದಳು. ಈಗ ಆ ಹುಡುಗಿಯ ಮದುವೆ ಗೊತ್ತಾಗಿದೆ, ಅಜ್ಜಿಯ ಮುಚ್ಚಣಿಕೆ ಹೊದಿಸಿದ ತಾಟೇ ಬೇಕೆಂದು ಹಟ ಹಿಡಿದಿದ್ದಾಳೆ. ಉಳಿದದ್ದನ್ನು ಅಕ್ಕ ಹೆಣೆಯಲು ಕುಳಿತರೆ ಅವಳ ಸುತ್ತು ಅವ್ವನದಕ್ಕೆ ಹೊಂದುತ್ತಲೇ ಇಲ್ಲ. ಹಾಕುವುದು, ಬಿಚ್ಚುವುದು, ಹಾಕುವುದು, ಬಿಚ್ಚುವುದು.

"ದಾರ ಪಿಸಿಯಾಕತ್ತೈತಿ. ಇನ್ನ ಬಿಚ್ಚಿದ್ರ ಅವ್ವ ಹಾಕಿದ್ದೂ ಕಿತ್ತು ಬರ್ತೈತಿ. ಆಕಿ ಹೆಂಗ ಹಾಕ್ಯಾಳ ಅನ್ನೂದು ಕಣ್ಣಿಗೆ ಕಂಡ್ರ ಸಾಕು," ಎಂದಳು ಅಕ್ಕ.

ನನಗೆ ಮನಸ್ಸಿರಲಿಲ್ಲ. ದಣಿವು ಒಂದು ಕಾರಣ, ಆ ಲೇಸು ಇನ್ನೊಂದು. ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ಅವ್ವ ಕ್ರೋಶಾ ಕಲಿಸಿದ್ದು ಅಕ್ಕನಿಗೆ ಮಾತ್ರ. ನಾನು ಹೋಗಿ ಸೂಜಿ ಹಿಡಿದರೆ ಕಸಿದುಕೊಳ್ಳುತ್ತಿದ್ದಳು. ಕಾರಣ, ನಾನು ಎಡಚಿ. ಎಡಗೈಯಲ್ಲಿ ತುತ್ತು ಎತ್ತಿದರೆ ಗೆಣ್ಣಿಗೆ ಲಟ್ಟಣಿಗೆಯ ಏಟು. ಎಡಗೈಯಲ್ಲಿ ಬಳಪ ಹಿಡಿದರೆ ಹಳೇ ಸೀರೆಯ ಚೂರಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲೆಯಲ್ಲಿ ಕುಳಿತು "ಎಡಗೈಲೆ ಬಡಿಸಿದ ಮನಿ ಉದ್ಧಾರ ಆಗೂದಿಲ್ಲ" ಅನ್ನುತ್ತಿದ್ದಳು. ಅವ್ವ ಎದುರು ಮಾತಾಡುತ್ತಿರಲಿಲ್ಲ, ಬಂದು ನನಗೆ ಇನ್ನೊಂದು ಬಿಗಿಯುತ್ತಿದ್ದಳು. ಕೊನೆಗೆ ಊಟಕ್ಕೂ ಬರಹಕ್ಕೂ ಬಲಗೈ ಬಂತು, ಬರದೆ ಏನು ಮಾಡೀತು. ನಾನು ಕ್ಯಾಮೆರಾ ಹಿಡಿದಾಗ ಅವ್ವ ಮೊದಲು ನೋಡಿದ್ದು ಅದರ ಗುಂಡಿ ಎಲ್ಲಿದೆ ಎಂದು. ಬಲಗಡೆ ಇತ್ತು. "ಚಲೋ ಆತು ಬಿಡು," ಅಂದಿದ್ದಳು. ಅವಳು ನನ್ನ ಕಸುಬಿನ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಆದರೂ ಒಲ್ಲೆ ಅನ್ನಲಾಗಲಿಲ್ಲ. ಈ ಕಡೆ ಬರುವ ನೆಂಟರ ಕೈಯಲ್ಲಿ ಅಕ್ಕ ಮುಚ್ಚಣಿಕೆ ಕಳಿಸಿದಳು. ಬಿಚ್ಚಿ ನೋಡಿ ತಲೆ ಚಚ್ಚಿಕೊಂಡೆ. ಫೋಟೋಕ್ಕೆ ಹೋಗುವ ವಸ್ತು ಸುಕ್ಕಾಗಿ ಹೋಗಬಾರದೆಂದು ಆ ಪುಣ್ಯಾತ್ಗಿತ್ತಿ ಅದನ್ನು ಒಗೆದು, ನೀಲಿ ಹಾಕಿ, ಗಟ್ಟಿಯಾಗಿ ಗಂಜಿ ಕೊಟ್ಟು, ಇಸ್ತ್ರಿ ಮಾಡಿ ಹಪ್ಪಳ ಮಾಡಿದ್ದಳು. ಲೇಸಿನ ಕಣ್ಣುಗಳಲ್ಲೆಲ್ಲ ಗಂಜಿ ಒಣಗಿತ್ತು. ನಮ್ಮ ಕಡೆ ಹೀಗೇ. ಫೋಟೋ ಎಂದರೆ ಕೂಸಿಗೆ ಕಾಡಿಗೆ, ಮುದುಕನಿಗೆ ರುಮಾಲು, ಅರಿವೆಗೆ ಗಂಜಿ. ಇದ್ದದ್ದನ್ನು ಇದ್ದ ಹಾಗೆ ತೆಗೆಸಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ.

ಫೋನು ಮಾಡಿ ಬೈದೆ. "ಹಂಗ ಮುದ್ದಿ ಆಗಿದ್ದು ಕಳಸಿದ್ರ ನೀ ಏನಂತಿದ್ದಿ?" ಎಂದು ಅವಳೇ ನನಗೆ ತಿರುಗಿ ಬೈದಳು.

ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟೆ. ನೀರು ಬದಲಾಯಿಸಿದೆ, ಮತ್ತೆ ನೆನೆಯಿಟ್ಟೆ. ಹಿಂಡುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ದಿಂಬಿನ ಮೇಲೆ ಹರವಿ, ಅಂಚಿಗೆ ಗುಂಡುಸೂಜಿ ಚುಚ್ಚಿ ನೆರಳಲ್ಲಿ ಒಣಗಿಸಿದೆ. ಮಲಗಬೇಕೆಂದಿದ್ದ ನನ್ನ ರಜೆ ಆ ದಿಂಬಿನ ಮೇಲೆಯೇ ಮುಗಿಯಿತು.

ಸೊಳ್ಳೆಯ ಕಣ್ಣನ್ನೂ ಹಿಗ್ಗಿಸಿ ತೋರಿಸುವ ಲೆನ್ಸೊಂದು ಯಜಮಾನರ ಪೆಟ್ಟಿಗೆಯಲ್ಲಿತ್ತು. ಅವರು ಅದರಲ್ಲಿ ಹೂವು, ಕೀಟ ತೆಗೆಯುತ್ತಿದ್ದರು. ಕೆಳಗೆ ಗಾಢ ನೀಲಿ ಬಟ್ಟೆ ಹಾಸಿ, ಅದರ ಮೇಲೆ ಲೇಸು ಇಟ್ಟು, ಕಿಟಕಿಯ ಬೆಳಕು ಒಂದೇ ಮಗ್ಗುಲಿಂದ ಬೀಳುವ ಹಾಗೆ ಮಾಡಿಕೊಂಡೆ. ನೆತ್ತಿಯ ಮೇಲಿಂದ ಬೆಳಕು ಬಿಟ್ಟರೆ ಬಿಳಿ ದಾರ ಬಿಳೀ ಗೋಡೆಯಾಗಿಬಿಡುತ್ತದೆ, ಎಳೆಯ ಪಕ್ಕ ನೆರಳು ಬಿದ್ದರೇ ಎಳೆ ಕಾಣುವುದು. ಫ್ಯಾನು ಬಂದ್ ಮಾಡಿದೆ. ಉಸಿರು ಬಿಟ್ಟರೂ ಲೇಸು ಅಲುಗುತ್ತದೆ. ಹೆದ್ದಾರಿಯಲ್ಲಿ ಭಾರದ ಲಾರಿ ಹೋದರೆ ಸ್ಟ್ಯಾಂಡು ನಡುಗಿ ಚಿತ್ರ ಕಲಸುತ್ತದೆ. ಅದಕ್ಕಿಂತ ದೊಡ್ಡ ಕಾಟವೆಂದರೆ, ಅಷ್ಟು ಹತ್ತಿರ ಹೋದಾಗ ಒಂದು ಎಳೆಯ ನೆತ್ತಿ ಸ್ಪಷ್ಟವಾದರೆ ಅದರ ಬುಡ ಮಬ್ಬಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುವುದು, ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಆಮೇಲೆ ಅಷ್ಟನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡಬೇಕು. ಕುತ್ತಿಗೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಇಳಿಯಿತು. ಬದುಕಿದ್ದಾಗ ಮುಟ್ಟಗೊಡದ ಲೇಸಿಗಾಗಿ ಈಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಹಾಗೆ ಮಾಡಿದ್ದಾಳಲ್ಲ ಎಂದು ಅವ್ವನಿಗೂ ನಾಲ್ಕು ಬೈದೆ.

ಚಿತ್ರ ಮಾತ್ರ ಚೆನ್ನಾಗಿ ಬಂತು. ದಾರದ ಹುರಿ ಬಿಗಿದ ರೀತಿ, ಅದರಿಂದ ಎದ್ದು ನಿಂತ ನವಿರು ನೂಲು, ಅಂಚಿನಲ್ಲೊಂದು ಅರಿಷಿಣದ ಕಲೆ, ಎಲ್ಲವೂ ಕಂಡವು. ನಡುವಿನ ಚುಕ್ಕಿಯಿಂದ ಎಸಳುಗಳು ಗಿರಗಿಟ್ಟಲೆಯ ಹಾಗೆ ಒಂದೇ ಕಡೆ ತಿರುಗಿದ್ದವು. ಹೊರಗಿನ ಸುತ್ತಿನಲ್ಲಿ ಅಕ್ಕ ಹಾಕಿ ಬಿಚ್ಚದೆ ಬಿಟ್ಟ ಒಂದು ತುಂಡು ಇತ್ತು. ಅಲ್ಲಿ ಮಾತ್ರ ಹೆಣಿಕೆ ಬೇರೆ ಕಡೆ ವಾಲಿತ್ತು. ಅಕ್ಕನ ಕೈ ಅಷ್ಟು ಚೆನ್ನಾಗಿಲ್ಲ ಎಂದುಕೊಂಡೆ, ಸುಳ್ಳು ಯಾಕೆ, ಸ್ವಲ್ಪ ಖುಷಿಯೂ ಆಯಿತು.

ಚಿತ್ರವನ್ನು ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿ, ಸುರುಳಿ ಸುತ್ತಿಕೊಂಡು ಹಾನಗಲ್ಲ ಮೇಲೆ ಹಿರೇಕೆರೂರಿಗೆ ಹೋದೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಆ ಸುರುಳಿ ಮುದುರದಂತೆ ಎದೆಗವಚಿಕೊಂಡು ನಿಂತದ್ದಕ್ಕೆ ಒಬ್ಬ ಅಜ್ಜ "ಪಂಚಾಂಗದಾಗ ಏನೈತಬೇ ಈ ವರ್ಷ?" ಎಂದು ಕೇಳಿದ.

ಅಕ್ಕ ನೆಲದ ಮೇಲೆ ಚಿತ್ರ ಹರವಿ, ಚಾಳೀಸು ಮೂಗಿಗೇರಿಸಿ ನೋಡಿದಳು. ಬಹಳ ಹೊತ್ತು ನೋಡಿ, "ಉಲ್ಟಾ ತಗದಿಯಲ್ಲ," ಎಂದಳು.

ನನಗೆ ರೇಗಿತು. "ನಾ ಏನ್ ನಿನ್ನಿ ಕ್ಯಾಮೆರಾ ಹಿಡದೇನಿ? ಅರಿಷಿಣದ ಕಲಿ ನೋಡು. ಅರಿವ್ಯಾಗ ಎಲ್ಲೈತಿ, ಫೋಟೋದಾಗೂ ಅಲ್ಲೇ ಐತಿ."

"ಹಂಗಾರ ಒಳಮಗ್ಗಲು ಮ್ಯಾಲ ಮಾಡಿ ಇಟ್ಟೀ."

ಮುಚ್ಚಣಿಕೆ ತಿರುವಿ ನೋಡಿದಳು. ದಾರದ ತುದಿ ಕಟ್ಟಿದ ಗಂಟು ಹಿಂದಿನ ಮಗ್ಗಲಲ್ಲೇ ಇತ್ತು. ಚಿತ್ರದಲ್ಲಿದ್ದದ್ದು ಮುಂದಿನ ಮಗ್ಗಲೇ. ಅಕ್ಕ ತನ್ನ ತುಂಡಿನ ಮೇಲೆ ಬೆರಳಿಟ್ಟಳು, ಆಮೇಲೆ ಅವ್ವನ ಸುತ್ತಿನ ಮೇಲೆ. ಅವಳದು ಬಲಕ್ಕೆ ವಾಲಿತ್ತು, ಅವ್ವನದು ಎಡಕ್ಕೆ. ಬಿಡಿದಾರ ತೆಗೆದುಕೊಂಡು ಬಲಗೈಯಲ್ಲಿ ನಾಲ್ಕು ಹೆಣಿಕೆ ಹಾಕಿ ನೋಡಿದಳು. ಬಲಕ್ಕೇ ವಾಲಿದವು. ಆಮೇಲೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡು, ಕೂಸು ಅಕ್ಷರ ತಿದ್ದುವ ಹಾಗೆ, ತಡವರಿಸಿ ಒಂದೆರಡು ಹೆಣಿಕೆ ಹಾಕಿದಳು. ಎಡಕ್ಕೆ ವಾಲಿದವು.

"ಅವ್ವ ಎಡಗೈಲೆ ಹಾಕ್ಯಾಳ," ಎಂದಳು.

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅವ್ವ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಲೇಸು ಹೆಣೆಯಲು ಕೂರುತ್ತಿದ್ದದ್ದು ಇಬ್ಬರಿಗೂ ನೆನಪಿತ್ತು. ನಾವು ಕಂಡದ್ದು ಅವಳ ಬೆನ್ನು. ಲೆಕ್ಕ ತಪ್ಪುತ್ತದೆ, ಹತ್ತಿರ ಬರಬೇಡಿ ಅನ್ನುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಸೂಜಿ, ದಾರ ಎಲ್ಲ ಸೆರಗಿನಡಿ ಹೋಗುತ್ತಿತ್ತು.

"ನನಗ ಕಲಿಸೋ ಮುಂದ ಆಕಿ ಕೈ ಭಾಳ ಮಂದ ಇರ್ತಿತ್ತು," ಎಂದಳು ಅಕ್ಕ. "ಇಷ್ಟು ಚಂದ ಹಾಕಾಕಿ ನನ್ನ ಮುಂದ ಯಾಕ ಹಿಂಗ ತಡಬಡಸ್ತಾಳ ಅಂತಿದ್ದೆ. ಬಲಗೈಲೆ ಹಾಕಿ ತೋರಸ್ತಿದ್ಲು ಪಾಪ."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ತಾನೂ ನನ್ನಂಗ ಇದ್ರ ನನ್ನ ಕೈ ಯಾಕ ಕಟ್ಟಿದ್ಲು? ಒಂದ್ ದಿನ ಹೇಳಬಾರದಿತ್ತ? ಆ ಮೂಲ್ಯಾಗ ನನಗೂ ಜಾಗ ಇತ್ತಲ್ಲ," ಎಂದೆ. ನನ್ನ ದನಿ ನನಗೇ ಎಂಟು ವರ್ಷದ ಹುಡುಗಿಯದರಂತೆ ಕೇಳಿಸಿತು.

"ಆಯಿ ಅಂಜಿಕಿ. ತನಗ ಬಿದ್ದದ್ದು ನಿನಗೂ ಬೀಳ್ತೈತಿ ಅಂತ ತಾನ ಮೊದಲ ಹೊಡದಿರಬೇಕು," ಎಂದಳು ಅಕ್ಕ. ಆ ಮಾತಿನಿಂದ ನನ್ನ ಹೊಟ್ಟೆಯ ಉರಿ ಆರಲಿಲ್ಲ. ಹೊಡೆಸಿಕೊಂಡವಳು ನಾನು.

ಚಹಾ ಕುಡಿದ ಮೇಲೆ ಅಕ್ಕ ಸೂಜಿಯನ್ನು ನನ್ನ ಮುಂದಿಟ್ಟಳು. ತನ್ನ ಕೈಯಿಂದ ಅದು ಮುಗಿಯುವುದಿಲ್ಲ, ಅವ್ವನ ಸುತ್ತಿಗೆ ಎಡಗೈಯೇ ಬೇಕು ಎಂದಳು. ನನಗೆ ಈ ವಯಸ್ಸಿನಲ್ಲಿ ಹೊಸ ವಿದ್ಯೆ ಬೇಡವಾಗಿತ್ತು, ಊಟ ಮಾಡಿ ಮಲಗಿದರೆ ಸಾಕಾಗಿತ್ತು. ಆದರೆ ಮದುವೆ ಹತ್ತಿರವಿತ್ತು, ಬೇರೆ ಕೈ ಇರಲಿಲ್ಲ. ಅಕ್ಕ ನನ್ನ ಎದುರಿಗೆ ಕುಳಿತು ಬಲಗೈಯಲ್ಲಿ ಹಾಕಿ ತೋರಿಸಿದಳು, ನಾನು ಕನ್ನಡಿಯಲ್ಲಿ ನೋಡಿದಂತೆ ಎಡಗೈಯಲ್ಲಿ ಹಾಕಿದೆ. ಬಿಡಿದಾರದಲ್ಲಿ ಕಲಿತು ಕೈ ಕುದುರಿದ ಮೇಲೆಯೇ, ಅಕ್ಕ ಹಾಕಿದ್ದ ತುಂಡನ್ನು ಮೆಲ್ಲಗೆ ಬಿಚ್ಚಿ, ಅವ್ವನ ಲೇಸು ಮುಟ್ಟಿದ್ದು. ಸ್ಟುಡಿಯೋ ಬೀಗ ಹಾಕಿಕೊಂಡೇ ಇತ್ತು. ನೆಲದ ಮೇಲಿನ ಚಿತ್ರ ನೋಡುತ್ತಾ, ಒಂದೊಂದೇ ಕಣ್ಣು ದಾಟುತ್ತಾ ಹೋದೆ. ಎಸಳು ಅವ್ವ ಬಿಟ್ಟ ಕಡೆಗೇ ತಿರುಗಿತು.

ಒಂದು ಮಧ್ಯಾಹ್ನ, ಕೊನೆಯ ಸುತ್ತು ಅರ್ಧವಾಗಿದ್ದಾಗ, ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. "ಅದೀರೇನ್ರಿ?" ಎಂದು ಪಕ್ಕದ ಮನೆಯವರು ಒಳಗೆ ಬಂದರು. ನನಗೆ ತಿಳಿಯುವ ಮೊದಲೇ ನನ್ನ ಕೈ ಸೂಜಿ ಸಮೇತ ಸೆರಗಿನಡಿ ಹೋಗಿತ್ತು. ನಾನು ಗೋಡೆಯ ಕಡೆ ತಿರುಗಿ ಕುಳಿತಿದ್ದೆ.

ಅಷ್ಟು ಹತ್ತಿರದಿಂದ ಗೋಡೆ ನೋಡಿದಾಗ ಅವ್ವನ ಮೇಲಿದ್ದ ಸಿಟ್ಟು ನನಗೆ ಹಿಡಿಯಲು ಸಿಗಲಿಲ್ಲ.

ಅಕ್ಕ ಎದ್ದು ಬಂದು ನನ್ನ ಭುಜ ಹಿಡಿದಳು. "ಈ ಕಡೆ ತಿರುಗು. ಬೆಳಕಿಲ್ಲ ಅಲ್ಲಿ."

ತಿರುಗಿದೆ. ಸೆರಗು ಸರಿಸಿ ಕೈ ಹೊರಗೆ ತೆಗೆದು, ಬಿಟ್ಟಲ್ಲಿಂದ ಹೆಣೆಯತೊಡಗಿದೆ. ಪಕ್ಕದ ಮನೆಯವರು ನಿಂತು ನೋಡಿದರು.

"ಅಯ್ಯ, ಎಡಗೈಲೆ ಹಾಕ್ತೀರೇನ್ರಿ?"

"ಹೂನ್ರಿ," ಎಂದೆ. "ನಮ್ಮವ್ವನೂ ಎಡಗೈಲೇ ಹಾಕ್ತಿದ್ಲು."