ಮರದ ಮೇಲಿನ ಕಳ್ಳಿ

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ಆ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಒಂದು ಗಿಡವನ್ನು ಕೊಲ್ಲಲು ಹೊರಟಿದ್ದೆ ಎಂದರೆ ನೀವು ನಂಬಬೇಕು.

ಮಧುಗಿರಿಯ ನಮ್ಮ ಬೀದಿಗೆ ಮೊಪೆಡ್ಡಿನಲ್ಲಿ ಗಿಡ ಮಾರಲು ಬರುವವನು ರಂಗಸ್ವಾಮಿ, ನನ್ನ ಹಳೆಯ ಶಿಷ್ಯ. ಒಂದು ದಿನ ಚಪ್ಪಟೆ ದಂಟಿನ, ಮುಳ್ಳಿಲ್ಲದ ಗಿಡವೊಂದನ್ನು ಕೈಗಿಟ್ಟ. "ಇದೂ ಕಳ್ಳೀನೇ ಮೇಡಂ. ಮರದ್ ಮ್ಯಾಲೆ ಬೆಳೀತದೆ," ಎಂದು ನನ್ನ ಮುಖವನ್ನೇ ನೋಡಿದ.

ಕಳ್ಳಿಯ ಪಾಠ ನನಗೇ! ಈ ಸೀಮೆಯಲ್ಲಿ ಹುಟ್ಟಿದವರಿಗೆ ಪಾಪಸುಕಳ್ಳಿ ಗೊತ್ತಿಲ್ಲವೆ? ಪಾವಗಡದ ಬಂಡೆ ಸಂದಿಯಲ್ಲಿ, ಶಿರಾ ಕಡೆಯ ಹೊಲದ ಬೇಲಿಯಲ್ಲಿ, ಯಾರೂ ನೀರು ಹಾಕದೆ ಬದುಕುವ ಜೀವ ಅದು. ಅದರ ಕೆಂಪು ಹಣ್ಣು ತಿಂದು ನಾಲಿಗೆಗೆ ಮುಳ್ಳು ಚುಚ್ಚಿಸಿಕೊಂಡವಳು ನಾನು. ಹಾಗಾಗಿ ಕುಂಡವನ್ನು ಸೀದಾ ತಾರಸಿಯ ಬಿಸಿಲಿಗಿಟ್ಟೆ. ನೀರು ಹದಿನೈದು ದಿನಕ್ಕೊಮ್ಮೆ, ಅದೂ ಲೆಕ್ಕದಲ್ಲಿ. ತಿಂಗಳೊಳಗೆ ಗಿಡ ಒಣಗಿದ ಅವರೆಸಿಪ್ಪೆಯಂತಾಯಿತು.

ಜಗಳಕ್ಕೆಂದೇ ರಂಗಸ್ವಾಮಿಯನ್ನು ಕರೆಸಿದೆ. ಅವನು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ, ಬಿಸ್ಲಲ್ಲಿ ಇಕ್ಬುಟ್ರಾ? ಕಾಡಿನ್ ಗಿಡ ಮೇಡಂ ಇದು. ನೆಳ್ಳಾಗೆ ಕುಂತ್ಕಂಡು ಬದುಕೋದು." ಹಿತ್ತಲ ಮಾವಿನ ಕವಲಿಗೆ ತರಗೆಲೆ ತುಂಬಿ, ತೆಂಗಿನ ನಾರಿನಿಂದ ಅದನ್ನು ಕಟ್ಟಿಹೋದ.

ಹೋದ ಮೇಲೆ ನಾಚಿಕೆಯಿಂದ ಪುಸ್ತಕ ತೆಗೆದೆ. ಅವನು ಹೇಳಿದ್ದೇ ನಿಜ. ಈ ಕಳ್ಳಿಗೆ ಬ್ರೆಜಿಲಿನ ಮಂಜು ಮುಸುಕಿದ ಕಾಡುಬೆಟ್ಟಗಳಲ್ಲಿ ಮರದ ತೋಳಿನ ಮೇಲೆ ವಾಸ. ಆದರೆ ಮರದ ರಸ ಹೀರುವುದಿಲ್ಲ. ಜಾಗ ಮಾತ್ರ ಮರದ್ದು, ಊಟ ತನ್ನದೇ. ಎಂಥ ಮರ್ಯಾದಸ್ಥ ಬಾಡಿಗೆದಾರ!

ಡಿಸೆಂಬರಿನಲ್ಲಿ ಹಸಿ ಗುಲಾಬಿ ಬಣ್ಣದ ಏಳು ಹೂ ಬಿಟ್ಟಿತು. ಖುಷಿ ತಡೆಯಲಾಗದೆ ರಂಗಸ್ವಾಮಿಯನ್ನು ಕರೆದು ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ಅವನು ಮೆಲ್ಲಗೆ ಹೇಳಿದ: "ಏಳ್ನೇ ಕ್ಲಾಸ್ನಾಗೆ ನಾನು 'ಕಳ್ಳಿ ಮರದ ಮೇಲೆ ಬೆಳೆಯುತ್ತದೆ' ಅಂತ ಬರ್ದಿದ್ದೆ. ನಮ್ಮೂರ್ ಹುಣಸೇಮರದ ಪೊಟ್ರೇಲಿ ಪಾಪಸುಕಳ್ಳಿ ಇತ್ತು ಮೇಡಂ, ಕಣ್ಣಾರೆ ಕಂಡಿದ್ದೆ. ನೀವು ಎಲ್ರ ಮುಂದೆ ಓದಿ ನಗಿಸ್ಬುಟ್ರಿ. ಅವತ್ತಿಂದ ನಾನು ಮರಗಳ್ಳಿ. ಹೆಂಡ್ತಿ ಮನೇವ್ರೂ ಅಂಗೇ ಕರೀತಾರೆ."

ನನಗೆ ಆ ಉತ್ತರಪತ್ರಿಕೆ ನೆನಪಿಲ್ಲ. ಕೆಂಪು ಮಸಿಯವರಿಗೆ ಮರೆವು ಜಾಸ್ತಿ. "ತಪ್ಪಾಯ್ತಪ್ಪ," ಎಂದೆ. ಅವನು ತಲೆ ಕೆರೆದುಕೊಂಡ. "ಅವತ್ತು ಎಲ್ರೂ ನಕ್ಕಿದ್ರು ಮೇಡಂ. ಇಲ್ಲಿ ನೀವೊಬ್ರೇ ಇದ್ದೀರಿ."

ಸರಿಯಾದ ಮಾತು. ಮುಂದಿನ ಸಂತೆಯ ದಿನ, ಅವನು ಗಿಡ ಮಾರುವ ಬಡವನಹಳ್ಳಿಗೆ ಬಸ್ಸು ಹತ್ತಿದೆ. ಅವನ ಗಿಡಗಳ ಪಕ್ಕ ನಿಂತು, ನಿವೃತ್ತಿಯಾದ ಮೇಲೆ ಮುಟ್ಟದಿದ್ದ ತರಗತಿಯ ದನಿ ತೆಗೆದೆ: "ಕೇಳ್ರಪ್ಪಾ! ಕಳ್ಳಿ ಮರದ ಮೇಲೂ ಬೆಳೆಯುತ್ತದೆ. ರಂಗಸ್ವಾಮಿ ಬರೆದದ್ದು ಸರಿ. ತಪ್ಪು ನನ್ನದು."

ಎದುರು ಮೆಣಸಿನಕಾಯಿ ರಾಶಿಯ ಹಿಂದಿದ್ದ ಅವನ ಸಹಪಾಠಿ ಎದ್ದು ನಿಂತ: "ಅವತ್ತು ಜಾಸ್ತಿ ನಕ್ಕಿದ್ದು ನಾನೇ ಕಣ್ಲಾ." ರಂಗಸ್ವಾಮಿ ಮುಖ ಒರೆಸಿಕೊಂಡ, ಬೆವರೆಂದು ನಾವೆಲ್ಲ ಒಪ್ಪಿಕೊಂಡೆವು.

ಅಷ್ಟರಲ್ಲಿ ಅಜ್ಜಿಯೊಬ್ಬಳು ಚೀಲ ಹಿಡಿದು ಬಂದಳು. "ಲೇ ಮರಗಳ್ಳಿ, ಆ ಗಿಡ ನಂಗೂ ಒಂದು ಕೊಡ್ಲಾ."

ನಾನು ಅವಳನ್ನು ತಿದ್ದಲು ಬಾಯಿ ತೆರೆದೆ. ರಂಗಸ್ವಾಮಿ ನಗುತ್ತಾ ಕೈ ಅಡ್ಡ ಹಿಡಿದ. "ಬುಡಿ ಮೇಡಂ, ಆ ಹೆಸ್ರು ಬೇರು ಬುಟ್ಟದೆ. ಈಗ ಹೂವಾದ್ರೂ ಬುಡ್ಲಿ."