ತಾನಾಗೇ ಮುಚ್ಚಿಕೊಳ್ಳುವ ಬಾಯಿ

“ಮೂರನೇ ಕೂಸೂ ಬಿತ್ತು ಅಂದ್ರೆ ನಿಮ್ಮನ್ನ ರೆಕಾರ್ಡ್ ರೂಮಲ್ಲಿ ಕೂರಿಸ್ತೀನಿ. ಆಮೇಲೆ ನನ್ನ ಹತ್ರ ಅತ್ಕೊಂಡು ಬರ್ಬೇಡಿ” ಎಂದು ಸಾಹೇಬರು ಹೇಳಿದಾಗ ಮೀಟರಕ್ಕ ಅಳಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕೂಸು ಎಂದರೆ ಕೈಯಲ್ಲಿ ಹಿಡಿಯುವ ರೀಡಿಂಗ್ ಯಂತ್ರ. ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದುವವರೆಲ್ಲ ಅದನ್ನು ಹಾಗೇ ಕರೆಯುತ್ತಿದ್ದರು. ದಿನವಿಡೀ ಸೊಂಟಕ್ಕೆ ಆನಿಸಿಕೊಂಡು ತಿರುಗಬೇಕು, ನೆನೆಸಬಾರದು, ಬಿಸಿಲಿಗೆ ಒಡ್ಡಬಾರದು, ಸಂಜೆಯಾದರೆ ಹೊಟ್ಟೆಗೆ ಹಾಕಬೇಕು, ಅಂದರೆ ಚಾರ್ಜಿಗೆ. ಅವಳ ಮೊದಲನೆಯ ಕೂಸು ನಾಯಿ ಅಟ್ಟಿಸಿಕೊಂಡು ಬಂದಾಗ ಬಿತ್ತು. ಎರಡನೆಯದು, ಎತ್ತರದಲ್ಲಿದ್ದ ಒಂದು ಮೀಟರನ್ನು ಓದಲು ಬಕೆಟ್ ಬೋರಲು ಹಾಕಿ ಹತ್ತಿದಾಗ ಅದರ ತಳ ಕಿತ್ತುಹೋಗಿ ಬಿತ್ತು. ಅವಳ ಎರಡೂ ಮೊಣಕಾಲು ತರಚಿತ್ತು. ಸಾಹೇಬರು ಕೇಳಿದ್ದು “ಗಾಜು ಹೋಯ್ತಾ?” ಅಂತ ಮಾತ್ರ.

ರೆಕಾರ್ಡ್ ರೂಮು ಎಂದರೆ ಅವಳಿಗೆ ಜೀವ ಹೋದಂತೆ. ಕಿಟಕಿಯಿಲ್ಲದ ಕೋಣೆ, ದೂಳು ಹಿಡಿದ ಕಡತಗಳು, ಪಕ್ಕದ ಮೇಜಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ತನ್ನ ಬೆನ್ನುನೋವಿನ ಪುರಾಣ ಬಿಚ್ಚುವ ಗುಮಾಸ್ತೆ. ಬೀದಿ ಸುತ್ತುವ ಬೀಟು ಹಾಗಲ್ಲ. ಏಳು ಬೀದಿ, ಹನ್ನೊಂದು ವರ್ಷ. ಮನೆಯಲ್ಲಿ ಅತ್ತೆ ಒಂದು ಹೇಳಿದರೆ ಗಂಡ ಇನ್ನೊಂದು ಹೇಳುತ್ತಾನೆ, ಇಬ್ಬರೂ ಸೇರಿ ಇವಳಿಗೆ ಹೇಳುತ್ತಾರೆ. ಬೀದಿಗಿಳಿದರೆ ಅವಳ ಕಾಲು ಅವಳದು, ಅವಳ ತಲೆ ಅವಳದು. “ಮೀಟರಕ್ಕ ಬಂದ್ರು, ನಾಯಿ ಹಿಡ್ಕೊಳ್ರೋ!” ಎಂಬ ಕೂಗು ಕೇಳಿದರೇ ಅವಳಿಗೆ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ಬಿಟ್ಟು ಒಳಗೆ ಕೂರುವುದುಂಟೆ? ಮೂರನೆಯ ಕೂಸಿಗೆ ಒಂದು ಗಟ್ಟಿಯಾದ ಚೀಲ ಬೇಕೇ ಬೇಕು ಎಂದು ತೀರ್ಮಾನಿಸಿದಳು.

ಆ ತೀರ್ಮಾನವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅತ್ತೆ ಮರುದಿನವೇ ಉಲ್ಲನ್ನಿನಲ್ಲಿ ಒಂದು ಚೀಲ ಹೆಣೆದಿಟ್ಟರು. ಗುಲಾಬಿ ಬಣ್ಣ, ಮೇಲೊಂದು ಕುಚ್ಚು ಬೇರೆ.

“ಅತ್ತೆ, ಕೂಸು ಬಿದ್ರೆ ಒಡೆಯುತ್ತೆ ಅಂತ ಚೀಲ ಬೇಕು. ಚಳಿ ಆಗುತ್ತೆ ಅಂತ ಅಲ್ಲ” ಎಂದಳು.

“ನೀವೇ ತಾನೇ ಕೂಸು ಕೂಸು ಅಂತೀರ? ನಂಗೇನು ಗೊತ್ತು!” ಎಂದು ಅತ್ತೆ ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟರು.

ಗಂಡ ಶಾಲೆಯ ವ್ಯಾನ್ ಓಡಿಸುವವನು. ಅವನು ಟೈರಿನ ಟ್ಯೂಬ್ ಕತ್ತರಿಸಿ, ತಂತಿ ಬಿಗಿದು ಏನೋ ಒಂದು ಮಾಡಿಕೊಂಡು ಬಂದ. ಅದರೊಳಗೆ ಕೂಸು ಹೋಯಿತು, ಹೊರಗೆ ಬರಲಿಲ್ಲ. ಗಂಡಹೆಂಡಿರಿಬ್ಬರೂ ಎರಡು ತುದಿ ಹಿಡಿದು ಎಳೆದಾಡಿದರು. “ನೋಡು ಎಷ್ಟು ಗಟ್ಟಿ ಇದೆ!” ಎಂದು ಅವನು ಹೆಮ್ಮೆಪಟ್ಟುಕೊಂಡ. ಇಂಥವರ ಹತ್ತಿರ ಏನು ಮಾತಾಡುವುದು, ನೀವೇ ಹೇಳಿ.

ಭಾನುವಾರ ಅವಳೊಬ್ಬಳೇ ಹೊರಟಳು. ಚೀಲ, ಬೆಲ್ಟು ಮಾರುವ ಅಂಗಡಿಗಳ ಸಾಲೇ ಇತ್ತು. ಮೊದಲ ಅಂಗಡಿಯವನು ಚರ್ಮ ಎಂದು ತೋರಿಸಿದ್ದು ಉಗುರಿನಿಂದ ಕೆರೆದರೆ ಸಿಪ್ಪೆ ಏಳುತ್ತಿತ್ತು. ಎರಡನೆಯವನದು ಅಪ್ಪಟ ಚರ್ಮವೇ, ಆದರೆ ಬಕಲು. ದಿನಕ್ಕೆ ಇನ್ನೂರು ಮನೆ. ಇನ್ನೂರು ಸಲ ಬಕಲು ಬಿಚ್ಚಿ ಹಾಕುತ್ತಾ ನಿಂತರೆ ಕತ್ತಲಾಗುತ್ತದೆ. ಮೂರನೆಯದಕ್ಕೆ ಜಿಪ್ಪು, ಅದು ಅಂಗಡಿಯಲ್ಲೇ ಕಚ್ಚಿಕೊಂಡಿತು. ನಾಲ್ಕನೆಯವನು, “ಮೇಡಂ, ಕೆಂಪು ಕಲರ್ ತಗೊಳ್ಳಿ, ನಿಮ್ಗೆ ಒಪ್ಪುತ್ತೆ” ಎಂದ. “ನಂಗೆ ಒಪ್ಪೋದು ಬೇಡಪ್ಪಾ, ಅದು ಒಡೀಬಾರ್ದು” ಎಂದಳು. “ಬೀಳಿಸ್ದೆ ಇದ್ರೆ ಒಡೆಯಲ್ಲ ಮೇಡಂ” ಎಂದು ಅವನು ಉಪದೇಶ ಮಾಡಿದ. ಹೊಡೆಯಲು ಕೈಯೆತ್ತದೆ ಹೊರಬಂದದ್ದೇ ದೊಡ್ಡದು.

ಐದನೆಯ ಅಂಗಡಿಯವನು ವಯಸ್ಸಾದವನು, ಮೂಗಿನ ತುದಿಯಲ್ಲಿ ಕನ್ನಡಕ. ಅವನೊಬ್ಬನೇ ಸರಿಯಾದ ಪ್ರಶ್ನೆ ಕೇಳಿದ. “ಯಾವ ಕೈಯಲ್ಲಿ ಹಿಡೀತೀರ? ಇನ್ನೊಂದು ಕೈ ಏನು ಮಾಡುತ್ತೆ?”

“ಇನ್ನೊಂದು ಕೈಯಲ್ಲಿ ಮೀಟರ್ ಡಬ್ಬಿ ಮುಚ್ಚಳ ಎತ್ತಬೇಕು. ಒಂದೇ ಕೈಯಲ್ಲಿ ತೆಗೆಯೋಕೆ ಬರಬೇಕು, ಹಾಕೋಕೂ ಬರಬೇಕು.”

ಅವನು ಒಳಗಿನಿಂದ ಕಂದುಬಣ್ಣದ ಚೀಲವೊಂದನ್ನು ತಂದ. ದಪ್ಪ ಚರ್ಮ, ಎರಡೆರಡು ಹೊಲಿಗೆ, ಹೆಗಲಿಗೆ ಪಟ್ಟಿ. ಮೇಲಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ಬಿಟ್ಟರೆ ಟಪ್ ಎಂದು ಕೂತುಬಿಡುತ್ತಿತ್ತು. ಗುಂಡಿಯಿಲ್ಲ, ಬಕಲಿಲ್ಲ, ಹೊರಗೆ ಏನೂ ಕಾಣುವುದಿಲ್ಲ.

“ಇದೆಂಗೆ?” ಎಂದಳು.

“ತಾನಾಗೇ ಮುಚ್ಕೊಳ್ಳೋ ಬಾಯಿ. ನೀವು ಬೋರಲು ಹಾಕಿ ಒದರಿದ್ರೂ ಬಿಡಲ್ಲ.”

“ನಮ್ಮನೇಲಿ ಎರಡು ಬಾಯಿ ಇದೆ, ಅದಕ್ಕೂ ಇಂಥದ್ದು ಹಾಕ್ಕೊಡ್ತೀರಾ?” ಎಂದಳು. ಮುದುಕ ನಕ್ಕ. ಬೆಳಗ್ಗೆಯಿಂದ ಸುತ್ತಿ ಸುತ್ತಿ ತಲೆ ಚಿಟ್ಟು ಹಿಡಿದಿತ್ತು. ಒಳಗೆ ಏನಿಟ್ಟು ಹೊಲಿದಿದ್ದೀರಿ ಎಂದು ಅವಳು ಕೇಳಲಿಲ್ಲ. ಬೇರೆ ಯಾರಾದರೂ ಕೇಳದಿದ್ದರೆ ಹೋಗಲಿ ಎನ್ನಬಹುದು. ಮೀಟರಕ್ಕ ಕೇಳಬೇಕಿತ್ತು.

ಚೀಲ ಬಂದ ಮೇಲೆ ಬೀಟು ಸಲೀಸಾಯಿತು. ಹೆಬ್ಬೆರಳು, ಟಪ್, ಮುಂದಿನ ಮನೆ. ಒಂದು ಸಲ ಮೆಟ್ಟಿಲ ಮೇಲಿಂದ ಜಾರಿ ಬಿದ್ದೂ ಬಿತ್ತು, ಕೂಸಿಗೆ ಒಂದು ಗೀರೂ ಆಗಲಿಲ್ಲ. ಐದನೆಯ ಬೀದಿಯ ಟೈಲರಣ್ಣ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, “ಹೊಲಿಗೆ ಅಂದ್ರೆ ಇದು” ಎಂದು ಮೆಚ್ಚಿಕೊಂಡ.

ಟೈಲರಣ್ಣನ ಅಂಗಡಿ ಎಂದರೆ ಅವಳಿಗೆ ಅರ್ಧದಾರಿ. ಉಳಿದವರ ಮೀಟರುಗಳೆಲ್ಲ ತಲೆಯೆತ್ತರದಲ್ಲಿದ್ದರೆ ಅವನದು ಕಿಟಕಿಯ ಕೆಳಗೆ ಸೊಂಟದೆತ್ತರದಲ್ಲಿತ್ತು. ಓದಿ ಮುಗಿಸಿ, ಕೂಸನ್ನು ಚೀಲಕ್ಕೆ ಹಾಕಿ, ಆ ಡಬ್ಬಿಯ ಮೇಲೆ ಇಟ್ಟು, ಅವನು ಕೊಟ್ಟ ಒಂದು ಲೋಟ ನೀರು ಕುಡಿದು, ಐದು ನಿಮಿಷ ಹೆಂಡತಿಮಕ್ಕಳ ಸುದ್ದಿ ಕೇಳಿ ಹೊರಡುವುದು. ಹನ್ನೊಂದು ವರ್ಷದಲ್ಲಿ ಅವನು ಒಂದು ತಿಂಗಳೂ ನೀರು ತಪ್ಪಿಸಿರಲಿಲ್ಲ.

ಮುಂದಿನ ತಿಂಗಳು ಅವಳು ಆ ಡಬ್ಬಿಯ ಮುಚ್ಚಳ ಎತ್ತಿದರೆ ಮೀಟರಿನ ಮೂಲೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಅದರ ಅರ್ಥ ಒಂದೇ. ಮೀಟರಿನ ಓಟ ನಿಧಾನ ಮಾಡಲು ಕೆಲವರು ಅಯಸ್ಕಾಂತ ಅಂಟಿಸುತ್ತಾರೆ. ಹೊಸ ಮೀಟರುಗಳು ಅದನ್ನು ಕಂಡುಹಿಡಿದು ಕೆಂಪು ದೀಪ ಹಾಕುತ್ತವೆ, ಕಚೇರಿಯವರು ಆರಿಸುವವರೆಗೂ ಆರುವುದಿಲ್ಲ. ಅಂಥ ಮನೆ ಸಿಕ್ಕರೆ ಓದುವವರು ಕೂಸಿನಲ್ಲಿ ಎಂಟನೆಯ ಗುಂಡಿ ಒತ್ತಬೇಕು. ಕಳ್ಳತನ ಎಂದು ಹೇಳಬೇಕಾದ ಕಡೆಯಲ್ಲೆಲ್ಲ ಅವರು ‘ಎಂಟು’ ಎನ್ನುತ್ತಿದ್ದರು.

“ಟೈಲರಣ್ಣ, ಇದೇನಿದು?” ಎಂದಳು.

ಅವನು ಬಗ್ಗಿ ನೋಡಿದ. “ನಂಗೇನು ಗೊತ್ತಕ್ಕ? ಆ ಡಬ್ಬೀನ ನೀವು ಬಿಟ್ಟು ಇನ್ಯಾರೂ ಮುಟ್ಟಲ್ಲ.”

ಹೌದಲ್ಲವೇ! ಅಷ್ಟು ಸ್ಪಷ್ಟವಾಗಿ ಹೇಳಿದ ಮಾತು ಅವಳ ತಲೆಗೆ ಹೋಗಲಿಲ್ಲ. ನನ್ನ ಕಿವಿಗೇ ಹೂ ಇಡುತ್ತಿದ್ದಾನಲ್ಲ ಎಂದುಕೊಂಡಳು. ಅವನು ತುಂಬಿಟ್ಟಿದ್ದ ನೀರನ್ನು ಕುಡಿಯದೆ ಬೀದಿಯ ಕೊನೆಯವರೆಗೆ ಹೋದಳು, ವಾಪಸ್ಸು ಬಂದಳು, ಮತ್ತೆ ಹೋದಳು. ಕೊನೆಗೆ ಎಂಟು ಒತ್ತಿದಳು.

ಸಂಜೆ ಐದಕ್ಕೆ ತಪಾಸಣೆಯವರ ಜೀಪು ಬಂತು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅಂಗಡಿ ಜಾಲಾಡಿದರೆ ಟೈಲರಣ್ಣನ ಮೇಜಿನ ಡ್ರಾಯರಿನಲ್ಲಿ ಅಂಗೈಯಗಲದ ಒಂದು ಅಯಸ್ಕಾಂತ ಸಿಕ್ಕಿತು. “ಸ್ವಾಮಿ, ಅದು ನೆಲಕ್ಕೆ ಬಿದ್ದ ಸೂಜಿ ಹೆಕ್ಕೋಕೆ! ಯಾವ ಟೈಲರ್ ಹತ್ರ ಇರಲ್ಲ ಹೇಳಿ?” ಎಂದು ಅವನು ಬೇಡಿಕೊಂಡ. ತಪಾಸಣೆಯ ಮುಖ್ಯಸ್ಥ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಹಳೆಯ ಮೀಟರು ಕಿತ್ತು ಹೊಸದು ಹಾಕಿದರು, ಬಾಗಿಲಿಗೆ ‘ವಿದ್ಯುತ್ ಕಳವು’ ಎಂದು ಹಳದಿ ಕಾಗದ ಅಂಟಿಸಿದರು.

ಮೂರನೆಯ ತಿಂಗಳು ಆ ಬೀದಿಗೆ ಹೋಗಲು ಮೀಟರಕ್ಕನಿಗೆ ಕಾಲೇ ಬರಲಿಲ್ಲ. ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆಗಳಿರಲಿಲ್ಲ. ಅಳತೆ ಕೊಟ್ಟವರೂ ಬಟ್ಟೆ ವಾಪಸ್ಸು ಒಯ್ದಿದ್ದರು. ಟೈಲರಣ್ಣ ತನ್ನದೇ ಹಳೆಯ ಅಂಗಿಗೆ ಕಾಲರು ತಿರುಗಿಸಿ ಹಾಕುತ್ತಾ ಕೂತಿದ್ದ. ತಲೆ ಎತ್ತಲಿಲ್ಲ. ನೀರಿನ ಲೋಟವೂ ಇರಲಿಲ್ಲ.

“ಓದಿ ಹೋಗ್ತೀನಿ” ಎಂದಳು.

“ಓದಿ” ಎಂದ.

ಅವಳು ಕೂಸನ್ನು ಹೊರತೆಗೆದು, ಚೀಲವನ್ನು ಅವನ ಕತ್ತರಿಸುವ ಮೇಜಿನ ಮೇಲೆ ಹಾಕಿ, ಮೀಟರು ಓದಿದಳು. ಹೊಸ ಮೀಟರಿನಲ್ಲಿ ದೀಪವಿರಲಿಲ್ಲ. ತಿರುಗಿ ಬಂದು ಚೀಲ ಎತ್ತಿಕೊಂಡಳು. ಅದರ ಬಾಯಿಗೆ ಗುಂಡುಸೂಜಿಗಳ ಒಂದು ಗಡ್ಡ ಜೋತು ಬಿದ್ದಿತ್ತು.

ಟೈಲರಣ್ಣ ನೋಡಿದ. ಅವಳೂ ನೋಡಿದಳು. ಚೀಲ ಅಲ್ಲಾಡಿಸಿದಳು, ಒಂದು ಸೂಜಿಯೂ ಬೀಳಲಿಲ್ಲ.

ಅವಳು ಹೊರಗೆ ಹೋಗಿ ಚೀಲವನ್ನು ಡಬ್ಬಿಯ ಮೇಲೆ ಎಂದಿನಂತೆ ಇಟ್ಟಳು. ಡಬ್ಬಿಯ ಮುಂದಿನ ಮುಚ್ಚಳ ಎತ್ತಿದಳು. ಹೊಸ ಮೀಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು.

“ಅಯ್ಯೋ ನನ್ನ ಕರ್ಮವೇ! ಹನ್ನೊಂದು ವರ್ಷ ಅಯಸ್ಕಾಂತ ಹುಡುಕ್ಕೊಂಡು ತಿರುಗಿದೋಳು ನಾನೇ ಹೆಗಲಿಗೆ ಹಾಕ್ಕೊಂಡು ಬಂದ್ನಲ್ಲ!” ಎಂದು ಅವಳು ಹಣೆ ಹಣೆ ಚಚ್ಚಿಕೊಂಡಳು. ಟೈಲರಣ್ಣ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಬೀಟನ್ನು ಅರ್ಧಕ್ಕೇ ಬಿಟ್ಟು ನೇರವಾಗಿ ಕಚೇರಿಗೆ ಹೋಗಿ ಸಾಹೇಬರ ಮೇಜಿನ ಮೇಲೆ ಚೀಲ ಇಟ್ಟು ಎಲ್ಲ ಹೇಳಿದಳು. ಸಾಹೇಬರ ಪೇಪರ್ ಕ್ಲಿಪ್ಪುಗಳೆಲ್ಲ ಓಡಿಬಂದು ಅದಕ್ಕೆ ಕಚ್ಚಿಕೊಂಡವು. ಅವರು ಅವನ್ನು ಒಂದೊಂದಾಗಿ ಬಿಡಿಸುತ್ತಾ ಯೋಚಿಸಿದರು.

“ನೋಡಿ, ಗಲಾಟೆ ಬೇಡ. ಯಾಂತ್ರಿಕ ದೋಷ ಅಂತ ಬರೆದು ಕಡತ ಮುಚ್ತೀನಿ. ಅವನಿಗೆ ಒಂದು ಪತ್ರ ಹೋಗುತ್ತೆ. ನಿಮ್ಮ ಮಾತೇ ಬರಲ್ಲ. ಬಾಯಿ ಮುಚ್ಕೊಂಡು ನಿಮ್ಮ ಬೀಟ್ ನೋಡ್ಕೊಳ್ಳಿ.”

“ಪತ್ರ ಅವ್ನೊಬ್ಬ ಓದ್ತಾನೆ ಸಾರ್. ಕಳ್ಳ ಅಂತ ನೋಡಿದ್ದು ಇಡೀ ಬೀದಿ.”

“ಅದಕ್ಕೆ?”

“ಅದೇ ಜೀಪು ಹೋಗ್ಬೇಕು. ಅದೇ ಐದು ಗಂಟೆಗೆ. ಎಲ್ರ ಮುಂದೆ ಹೇಳ್ಬೇಕು.”

ಸಾಹೇಬರು ಕುರ್ಚಿಗೆ ಒರಗಿದರು. “ಹೇಳ್ಬೇಕು ಅಂದ್ರೆ ತಪ್ಪು ಯಾರದ್ದು ಅಂತ ಬರೀಬೇಕು. ಬರೆದ್ರೆ ನಿಮ್ಮನ್ನ ಬೀಟಲ್ಲಿ ಇಟ್ಕೊಳ್ಳೋಕೆ ಆಗಲ್ಲ. ಅರ್ಥ ಆಯ್ತಾ?”

ಅರ್ಥವಾಯಿತು. ಬೆನ್ನುನೋವಿನ ಗುಮಾಸ್ತೆಯ ದನಿ ಈಗಲೇ ಕಿವಿಯಲ್ಲಿ ಕೇಳಿದಂತಾಯಿತು. ಮೂರನೆಯ ಕೂಸಿಗೆ ಒಂದು ಗೀರೂ ಆಗಿರಲಿಲ್ಲ, ಅದಕ್ಕೆಂದೇ ಐದು ಅಂಗಡಿ ಸುತ್ತಿದ್ದಳು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಅವಳು ಸಾಹೇಬರ ಪೆನ್ನನ್ನೇ ಅವರತ್ತ ದೂಡಿದಳು.

“ಬರೀರಿ ಸಾರ್. ಬೇಗ ಬರೀರಿ, ಮನಸ್ಸು ಬದಲಾಗ್ಬಿಡುತ್ತೆ.”

ಮರುದಿನ ಐದು ಗಂಟೆಗೆ ಜೀಪು ಬಂತು. ತಪಾಸಣೆಯ ಮುಖ್ಯಸ್ಥ ಹಳದಿ ಕಾಗದ ಕಿತ್ತು, “ದೋಷ ಕಚೇರಿಯದ್ದು” ಎಂದು ಏನೋ ಗೊಣಗಿದ.

“ಜೋರಾಗಿ ಹೇಳಿ! ಅವತ್ತು ಗಂಟಲು ಚೆನ್ನಾಗಿತ್ತಲ್ಲ?” ಎಂದಳು ಮೀಟರಕ್ಕ. ಅವನು ಮತ್ತೆ ಹೇಳಿದ. ಸಾಲದೆಂದು ಅವಳೇ ಚೀಲವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. “ನೋಡ್ಕೊಳ್ಳಿ. ಇದ್ರೊಳಗೆ ಇರೋದು ಅಯಸ್ಕಾಂತ. ಇದನ್ನ ತಂದೋಳು ನಾನು. ಟೈಲರಣ್ಣ ಏನೂ ಮಾಡಿಲ್ಲ. ಬಟ್ಟೆ ವಾಪಸ್ ತಗೊಂಡು ಹೋದೋರೆಲ್ಲ ತಂದುಕೊಡಿ.” ಯಾರೋ ನಕ್ಕರು, ಯಾರೋ ಅವಳನ್ನು ಬೈದರು. ಬೈಯುವವರು ಬೈದು ಮುಗಿಸುವವರೆಗೂ ಅವಳು ನಿಂತಿದ್ದಳು. ಚೀಲವನ್ನು ಜೀಪಿನವರು ತೆಗೆದುಕೊಂಡು ಹೋದರು.

ಬೀದಿ ಖಾಲಿಯಾದ ಮೇಲೆ ಟೈಲರಣ್ಣ ಒಳಗಿನಿಂದ ಒಂದು ಲೋಟ ನೀರು ತಂದು ಮೀಟರ್ ಡಬ್ಬಿಯ ಮೇಲಿಟ್ಟ.

“ಆ ಹಾಳು ಚೀಲ ದೂರ ಇಟ್ಟು ಕುಡೀರಿ” ಎಂದ.

“ಚೀಲ ಇಲ್ಲ ಟೈಲರಣ್ಣ. ಕೂಸನ್ನೂ ಕೊಟ್ಟುಬಿಟ್ಟೆ. ನಾಳೆಯಿಂದ ಒಳಗೆ ಕೂರೋದು.”

ಅವನಿಗೆ ಇದು ಗೊತ್ತಿರಲಿಲ್ಲ.

“ಮುಂದಿನ ತಿಂಗಳು ಯಾರು ಬರ್ತಾರೆ?”

“ಯಾರೋ ಹೊಸಬರು ಬರ್ತಾರೆ. ಅವ್ರಿಗೂ ಒಂದು ಲೋಟ ನೀರು ಕೊಡಿ.”

“ಕೊಡಲ್ಲ” ಎಂದ ಟೈಲರಣ್ಣ.